ಒಂದಾಳು ಪೆಗೇರೊನ ಎಡಗೈ

ಬನೀ ಊರಿನಲ್ಲಿ ಎವಾರಿಸ್ತೊ ಪೆಗೇರೊ ಯಾರು ಎಂದು ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಾನೆ. ಒಂದಾಳು ಎಲ್ಲಿ ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ದಾರಿ ತೋರಿಸುತ್ತಾನೆ. ಜೀವಮಾನವೆಲ್ಲ ಬೇಸ್‌ಬಾಲ್ ಆಡಿ ಹೊಟ್ಟೆ ಹೊರೆದವನಿಗೆ ಈ ಹೆಸರು ಬಂದದ್ದು ಹೊಗಳಿಕೆಯಿಂದಲ್ಲ. ಒಂದು ಪಂದ್ಯದಲ್ಲಿ ಅವನ ಪಾಲಿಗೆ ಸಿಗುತ್ತಿದ್ದದ್ದು ಒಬ್ಬನೇ ಬ್ಯಾಟ್ಸ್‌ಮನ್. ಅವನನ್ನು ಔಟ್ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಮ್ಯಾನೇಜರ್ ಬಂದು ಕೈಯಿಂದ ಚೆಂಡು ಇಸಿದುಕೊಂಡು ಮನೆಗೆ ಕಳಿಸುತ್ತಿದ್ದ.

ಲೆಕ್ಕ ಸರಳ. ಎಡಗೈ ಬ್ಯಾಟ್ಸ್‌ಮನ್ ಬಂದರೆ ಎಡಗೈ ಎಸೆಗಾರನನ್ನು ಕರೆಸಬೇಕು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತೇವಲ್ಲ, ಹಾಗೆ. ತೆಗೆದ ಮೇಲೆ ಎರಡು ಮುಳ್ಳನ್ನೂ ಬಿಸಾಕುತ್ತೇವೆ ಎಂಬುದನ್ನು ಮಾತ್ರ ಗಾದೆಯಲ್ಲಿ ಯಾರೂ ಹೇಳುವುದಿಲ್ಲ.

ಅವನಪ್ಪ ಲಾಸ್ ಸಲೀನಾಸ್‌ನ ಉಪ್ಪಿನ ಮಡಿಗಳಲ್ಲಿ ಉಪ್ಪು ಬಳಿಯುವ ಆಳು. ಹುಡುಗ ಎವಾರಿಸ್ತೊ ಉಪ್ಪಿನ ಹೆಂಟೆಗಳನ್ನು ಏಡಿಗಳ ಮೇಲೆ ಎಸೆಯುತ್ತಾ ಬೆಳೆದ. ಎಡಗೈಯಲ್ಲಿ ಉಣ್ಣುವವನ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳುವಂಥ ಮಾತನ್ನೇ ಅವನ ಅಜ್ಜಿ ತನ್ನ ಸಂತರ ಹೆಸರಿನಲ್ಲಿ ಹೇಳಿ, ಚಮಚವನ್ನು ಬಲಗೈಗೆ ತುರುಕಿದಳು. ಹಾಗಾಗಿ ಅವನಿಗೆ ಊಟಕ್ಕೆ ಬಲಗೈ, ಏಟಿಗೆ ಎಡಗೈ ಆಯಿತು. ಹದಿನೆಂಟಕ್ಕೆ ಉತ್ತರದ ದೊಡ್ಡ ದೇಶದ ತಂಡದವರು ಬಂದು ಅವನ ಕೈ ನೋಡಿ ವಿಮಾನ ಹತ್ತಿಸಿಕೊಂಡು ಹೋದರು. ಜೋಳದ ಹೊಲಗಳ ನಡುವಿನ ಒಂದು ಊರಿನಲ್ಲಿ ನಾಲ್ಕು ಬೇಸಿಗೆ ಆಡಿದ. ಅಲ್ಲಿನ ಭಾಷೆಯಲ್ಲಿ ಕೋಳಿ ಎಂಬ ಒಂದೇ ಪದ ಬಾಯಿಗೆ ಕೂತದ್ದರಿಂದ ನಾಲ್ಕು ಬೇಸಿಗೆಯೂ ಕೋಳಿಯನ್ನೇ ತಿಂದ. ಚೆಂಡು ಚೆನ್ನಾಗಿ ತಿರುಗುತ್ತದೆ, ವೇಗ ಸಾಲದು ಎಂದು ವಾಪಸ್ ಕಳಿಸಿದರು. ಇವತ್ತಿಗೂ ಅವನ ಮನೆಯಲ್ಲಿ ಕೋಳಿ ಬೇಯುವುದಿಲ್ಲ.

ಆಮೇಲೆ ಬೇಸಿಗೆಗೆ ಮೆಕ್ಸಿಕೊ, ಚಳಿಗಾಲಕ್ಕೆ ತನ್ನೂರಿನ ಸಲಿನೇರೋಸ್, ಅಂದರೆ ಉಪ್ಪಿನಾಳುಗಳ, ತಂಡ. ಮೆಕ್ಸಿಕೊದಲ್ಲಿ ಆಡಿದ್ದು ಹೊಟ್ಟೆಪಾಡಿಗೆ, ಸಲಿನೇರೋಸ್ ಅಂಗಿ ತೊಟ್ಟಿದ್ದು ಉಪ್ಪಿನ ಋಣಕ್ಕೆ ಎಂದು ಅವನೇ ಹೇಳುತ್ತಿದ್ದ.

ಬದಲಿ ಎಸೆಗಾರರು ತಮ್ಮ ಸರದಿಗೆ ಕಾಯುವ ಜಾಗ ಮೈದಾನದ ಎಡಮೂಲೆಯಲ್ಲಿ, ಬಾದಾಮಿ ಮರದ ಕೆಳಗಿತ್ತು. ತಂತಿ ಬಲೆ ಹಾಕಿದ ದೊಡ್ಡಿ ಅದು. ನಿಜವಾಗಿಯೂ ದೊಡ್ಡಿ ಎಂದೇ ಕರೆಯುತ್ತಿದ್ದರು, ಮತ್ತು ಒಳಗಿದ್ದವರು ದನಗಳ ಹಾಗೆಯೇ ಮೆಲುಕು ಹಾಕುತ್ತಾ ಕೂತಿರುತ್ತಿದ್ದರು. ಕಡಲೆಕಾಯಿ ಸಿಪ್ಪೆ ಪಾದ ಮುಚ್ಚುವಷ್ಟು. ಬಲೆಯಾಚೆಗಿನ ಮೊದಲ ಸಾಲಿನಲ್ಲಿ ಪ್ರತಿ ಪಂದ್ಯಕ್ಕೂ ಕ್ಷೌರಿಕ ಚೆಪೆ ಹಾಜರು. ಎವಾರಿಸ್ತೊನ ಬಾಲ್ಯದ ಗೆಳೆಯ, ಊರಿಗೆಲ್ಲ ದೊಡ್ಡ ಬಾಯಿ.

"ಏ ಒಂದಾಳು! ಮನೇಲೂ ಹೀಗೇನಾ? ನೀನು ಶುರು ಮಾಡೋದು, ಮುಗ್ಸೋಕೆ ಯಜಮಾನ್ರು ಬೇರೆಯವ್ರನ್ನ ಕಳಿಸೋದು?"

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು.

"ನಿನ್ನ ಥರ ಅರ್ಧ ತಲೆ ಬೋಳಿಸಿ ನಾಳೆ ಬಾ ಅನ್ನಲ್ಲ ಕಣೋ. ಒಂದೇ ತಲೆ, ಆದ್ರೆ ಪೂರ್ತಿ ಬೋಳಿಸ್ತೀನಿ," ಎಂದು ಎವಾರಿಸ್ತೊ ಸಿಪ್ಪೆ ಉಗುಳಿದ.

ಬಾಯಲ್ಲಿ ಹಾಗೆಂದರೂ ಮಾತು ನಾಟುತ್ತಿತ್ತು. ತನ್ನ ಒಬ್ಬನನ್ನು ಮುಗಿಸಿದ ಪ್ರತಿ ಸಲವೂ, ಚೆಂಡಿಗೆ ಕೈಚಾಚಿ ಬಂದು ನಿಂತ ಮ್ಯಾನೇಜರ್ ದೋನ್ ಫಾಬಿಯೊನನ್ನು ಅವನು ಒಂದೇ ಮಾತು ಕೇಳುತ್ತಿದ್ದ.

"ಇನ್ನೊಬ್ಬ, ಯಜಮಾನ್ರೆ?"

"ಮುಂದಿನವ್ನು ಬಲಗೈಯವ್ನಪ್ಪ. ನಾಳೆ ನೋಡೋಣ."

ದೆವ್ವ ಬಾರದಿರಲೆಂದು ಬಾಗಿಲ ಮೇಲೆ ಬರೆಯುತ್ತಾರಲ್ಲ, ಅದೇ ನಾಳೆ ಅದು. ಸೋತು ಸುಣ್ಣವಾದ ಪಂದ್ಯಗಳಲ್ಲಿ ಅವನಿಗೆ ಬಲಗೈಯವರು ಸಿಕ್ಕಿದ್ದುಂಟು. ಸೋಲು ಗೆಲುವು ತಕ್ಕಡಿಯಲ್ಲಿ ತೂಗುವಾಗ, ಬನೀ ಜನ ಉಸಿರು ಹಿಡಿದು ನಿಂತಿರುವಾಗ, ಒಬ್ಬನೇ ಒಬ್ಬ ಬಲಗೈ ಬ್ಯಾಟ್ಸ್‌ಮನ್‌ಗೆ ಎಸೆಯುವ ಭಾಗ್ಯ ಸಿಗಲಿಲ್ಲ. ತಾನೂ ಪೂರ್ತಿ ಎಸೆಗಾರನೇ, ಅರ್ಧ ಎಸೆಗಾರನಲ್ಲ ಎಂದು ಈ ಊರಿಗೆ ತೋರಿಸಬೇಕು. ಅವನ ಆಸೆ ಇಷ್ಟೇ.

ಆಸೆ ಹಾಗೇ ಇತ್ತು, ಭುಜ ಹಾಗೇ ಇರಲಿಲ್ಲ. ನಲವತ್ತರ ಹತ್ತಿರ ಬಂದಾಗ ಎಡಭುಜದೊಳಗೆ ಏನೋ ಸವೆದು, ಕೈ ಎತ್ತಿದರೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯತೊಡಗಿತು. ಒಂದಾಳಿನ ಕೆಲಸ ಆಗ ಉಪಕಾರಕ್ಕೆ ಬಂತು. ನಾಲ್ಕೈದು ಎಸೆತ ಎಸೆದು ಹೋಗುವವನ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡಿಯಲ್ಲಿ ಉಳಿದವರು ಮೈ ಬಿಸಿ ಮಾಡಿಕೊಳ್ಳಲು ಎಸೆದೂ ಎಸೆದೂ ಬೆವರುತ್ತಿದ್ದರೆ ಇವನು ಎರಡು ಎಸೆದು ಕೂತುಬಿಡುತ್ತಿದ್ದ.

"ನನ್ನ ಕೈ ಹುಟ್ಟಿದಾಗ್ಲೇ ಬಿಸಿ," ಎನ್ನುತ್ತಿದ್ದ. ಜನ ನಂಬಿದರು.

ನಂಬದವಳು ಹೆಂಡತಿ ಮಿಗೆಲಿನಾ. ಅವಳದು ಸ್ಟೇಡಿಯಂ ಬಾಗಿಲ ಹೊರಗೆ ಯಾನಿಕೇಕೆ ಕರಿಯುವ ಬಂಡಿ. ಅಂಗೈಯಗಲದ ಹಿಟ್ಟಿನ ಹಪ್ಪಳ ಎಣ್ಣೆಗೆ ಬಿಟ್ಟು ಉಬ್ಬಿಸಿ ಕೊಡುವುದರಲ್ಲಿ ಅವಳ ಕೈ ಎತ್ತಿದ ಕೈ. ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿ ಗಂಡನ ಭುಜ ತಿಕ್ಕುವುದೂ ಅವಳದೇ ಕೆಲಸ.

"ಡಾಕ್ಟರ್‌ಗೆ ತೋರ್ಸು ಅಂದ್ರೆ ಕಲ್ಲಿಗೆ ಹೇಳ್ದಂಗೆ."

"ಕ್ಲಬ್ ಡಾಕ್ಟರ್‌ಗೆ ಗೊತ್ತಾದ್ರೆ ಆಫೀಸಿಗೆ ಗೊತ್ತಾಗತ್ತೆ. ಆಫೀಸಿಗೆ ಗೊತ್ತಾದ್ರೆ ಮುಂದಿನ್ವರ್ಷ ನಿನ್ನ ಪಕ್ಕ ಕೂತು ಹಿಟ್ಟು ನಾದ್ಬೇಕು."

"ನಾದು. ಯಾಕೆ, ಬಲಗೈಗೇನು ಬಂದಿದೆ ರೋಗ?"

"ಒಬ್ಬ ಬಲಗೈಯವ್ನು ಕಣೇ. ಒಬ್ನೇ. ಅವ್ನೊಬ್ನನ್ನ ಔಟ್ ಮಾಡಿ ನಾನೇ ಬಂದು ನಿನ್ನ ಬಾಣಲೆ ಮುಂದೆ ಕೂರ್ತೀನಿ."

ಮಿಗೆಲಿನಾ ಇನ್ನಷ್ಟು ಎಣ್ಣೆ ಸುರಿದು ತಿಕ್ಕಿದಳು. ಈ ಗಂಡಸರ ಹಟಕ್ಕೆ ಹರಳೆಣ್ಣೆ ಮದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

ಎರಡು ಚಳಿಗಾಲ ಹೀಗೆಯೇ ಕಳೆದವು. ಎರಡನೆಯದರ ಕೊನೆಗೆ ಸಲಿನೇರೋಸ್ ಫೈನಲ್ಸ್ ಮುಟ್ಟಿತು. ಸರಣಿ ಸಮಸಮವಾಗಿ, ಕಪ್ ಯಾರದೆಂದು ತೀರ್ಮಾನಿಸುವ ಕೊನೆಯ ಪಂದ್ಯ ಬನೀಯಲ್ಲೇ, ಭಾನುವಾರ ಮಧ್ಯಾಹ್ನದ ಮೇಲೆ ಬಿತ್ತು. ಪಾದ್ರಿಗಳು ಬೆಳಗಿನ ಪೂಜೆಯನ್ನು ಎಂದಿಗಿಂತ ಬೇಗ ಮುಗಿಸಿದರು. ಯಾಕೆಂದು ಯಾರೂ ಕೇಳಲಿಲ್ಲ.

ಎದುರಾಳಿಗಳಲ್ಲಿದ್ದ ಒಬ್ಬನೇ ಎಡಗೈ ಬ್ಯಾಟ್ಸ್‌ಮನ್ ಹಿಂದಿನ ಪಂದ್ಯದಲ್ಲಿ ಬೆರಳು ಮುರಿದುಕೊಂಡಿದ್ದ. ದೋನ್ ಫಾಬಿಯೊ ದೊಡ್ಡಿಗೆ ಬಂದು, "ಎವಾರಿಸ್ತೊ, ಇವತ್ತು ನಿನಗೆ ರಜೆ. ಕೂತ್ಕೊಂಡು ಪಂದ್ಯ ನೋಡು," ಎಂದಿದ್ದ. ಅವನು ಶೂ ಲೇಸು ಸಡಿಲಿಸಿ, ಮರಕ್ಕೊರಗಿ, ಕಡಲೆಕಾಯಿ ಪೊಟ್ಟಣ ಬಿಚ್ಚಿದ್ದ.

ಒಂಬತ್ತನೆಯ ಇನಿಂಗ್ಸ್. ಬನೀಯವರು ಒಂದೇ ಒಂದು ರನ್ ಮುಂದೆ. ಇನ್ನೊಬ್ಬ ಔಟಾದರೆ ಕಪ್ ಊರಿನದು. ಆದರೆ ಎದುರಾಳಿಗಳ ಇಬ್ಬರು ಓಟಗಾರರು ಆಯಕಟ್ಟಿನಲ್ಲಿ ನಿಂತು ಒಂದು ಹೊಡೆತಕ್ಕೆ ಕಾಯುತ್ತಿದ್ದರು. ಹೊಡೆಯಲು ಬಂದವನು ಲಾಂತಿಗ್ವಾ. ಬಲಗೈ ಬ್ಯಾಟ್ಸ್‌ಮನ್, ತೊಡೆ ತೆಂಗಿನ ಬೊಡ್ಡೆಯಂಥವು, ಎಡಗೈ ಎಸೆಗಾರರನ್ನು ಕಂಡರೆ ಉಪ್ಪಿನಕಾಯಿ ನೆಕ್ಕಿದಷ್ಟು ಸಲೀಸು ಅವನಿಗೆ. ದೊಡ್ಡಿಯಲ್ಲಿ ಬಲಗೈ ವೇಗಿ ರಾದಾಮೆಸ್ ಅವನಿಗೆಂದೇ ಬೆವರು ಕಿತ್ತುಕೊಂಡು ಸಿದ್ಧನಾಗುತ್ತಿದ್ದ.

ದೋನ್ ಫಾಬಿಯೊ ಎದ್ದು ಮೈದಾನಕ್ಕಿಳಿದ. ದೊಡ್ಡಿ ದೂರ, ಜನರ ಗದ್ದಲದಲ್ಲಿ ಕೂಗು ಕೇಳಿಸದು. ಅದಕ್ಕೇ ಮ್ಯಾನೇಜರ್ ನಡೆಯುತ್ತಾ ನಡೆಯುತ್ತಾ ತನ್ನ ತೋಳು ಮುಟ್ಟಿ ತೋರಿಸುವುದು ಈ ಆಟದ ಪದ್ಧತಿ. ಬಲತೋಳು ಮುಟ್ಟಿದರೆ ಬಲಗೈಯವನು ಬರಬೇಕು, ಎಡತೋಳು ಮುಟ್ಟಿದರೆ ಎಡಗೈಯವನು. ಹೊತ್ತು ಇಳಿಯುತ್ತಿತ್ತು. ಉಪ್ಪುನೀರಿನ ಕಡೆಯಿಂದ ಸೊಳ್ಳೆಗಳು ಎದ್ದಿದ್ದವು. ನಾಲ್ಕು ಹೆಜ್ಜೆ ಇಟ್ಟ ದೋನ್ ಫಾಬಿಯೊ ಬಲಗೈಯಿಂದ ತನ್ನ ಎಡತೋಳಿನ ಮೇಲೆ ಪಟಾರನೆ ಹೊಡೆದುಕೊಂಡ.

ಅಂಪೈರ್ ತಿರುಗಿ ದೊಡ್ಡಿಯ ಕಡೆ ನೋಡಿ ಎಡಗೈ ಎತ್ತಿದ.

ಒಂದು ಕ್ಷಣ ಸ್ಟೇಡಿಯಂ ಪೂರ್ತಿ ಬಾಯಿಗೆ ಬೀಗ ಜಡಿದಂತಾಯಿತು. ಆಮೇಲೆ ದೋನ್ ಫಾಬಿಯೊನ ಕೂಗು ಎಲ್ಲರಿಗೂ ಕೇಳಿಸಿತು.

"ಸೊಳ್ಳೆ! ಸೊಳ್ಳೆ ಕಣಯ್ಯಾ! ನೋಡು, ಇನ್ನೂ ಅಂಗೈಲೇ ಇದೆ!"

ಅಂಪೈರ್ ಬಗ್ಗಿ ಅಂಗೈಯನ್ನೂ ಅದರಲ್ಲಿದ್ದ ಹೆಣವನ್ನೂ ನೋಡಿದ. "ಇದೆ. ಆದ್ರೆ ನಾನು ಸೊಳ್ಳೆ ನೋಡ್ಲಿಲ್ಲ, ಕೈ ನೋಡ್ದೆ. ಮುಟ್ಟಿದ್ದು ಮುಟ್ಟಿದ್ದೇ. ಎಡಗೈಯವ್ನು ಬರ್ಬೇಕು, ಈ ಒಬ್ಬನಿಗಾದ್ರೂ ಎಸೀಲೇಬೇಕು."

ನಿಜಕ್ಕೂ ಸೊಳ್ಳೆಯೋ, ಅಥವಾ ವರ್ಷಗಟ್ಟಲೆ ಒಂದಾಳನ್ನು ಕರೆದು ಕರೆದು ಕೈಗೆ ಹತ್ತಿದ ಚಾಳಿಯೋ, ಊರಿನಲ್ಲಿ ಇಂದಿಗೂ ಎರಡು ಪಕ್ಷವಿದೆ.

ಎವಾರಿಸ್ತೊ ಲೇಸು ಕಟ್ಟಿಕೊಂಡು ದೊಡ್ಡಿಯಿಂದ ಹೊರಬಂದ. ಕಡಲೆಕಾಯಿ ಪುಡಿ ಇನ್ನೂ ಮೀಸೆಯಲ್ಲಿತ್ತು. ಜನ ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ. ದೇವರ ಹೆಸರು ಹೇಳಿಕೊಂಡರು. ಚೆಪೆ ಮಾತ್ರ ಬಲೆಗೆ ಮುಖ ಒತ್ತಿ, "ಪೂರ್ತಿ ಬೋಳಿಸೋ, ಒಂದಾಳು!" ಎಂದು ಕೂಗಿದ. ಅವನ ದನಿಯಲ್ಲಿ ಗೇಲಿ ಇರಲಿಲ್ಲ. ಎವಾರಿಸ್ತೊನ ಎದೆ ಹಿಗ್ಗಿತು. ಬೇಡಿ ಬೇಡಿ ಸಿಗದ ಬಲಗೈಯವನನ್ನು ಒಂದು ಸೊಳ್ಳೆ ತಂದುಕೊಟ್ಟಿತ್ತು.

ಹೊಸಬನಿಗೆ ಎಂಟು ಎಸೆತದ ಅಭ್ಯಾಸ, ಹೆಚ್ಚಿಲ್ಲ. ಮೊದಲನೆಯದು ಎಸೆದ. ತಣ್ಣಗಿದ್ದ ಭುಜದಲ್ಲಿ ಉರಿ ಕಿವಿಯವರೆಗೆ ಹರಿಯಿತು. ಹಲ್ಲು ಕಚ್ಚಿ ಎರಡನೆಯದು ಎಸೆದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆ ವಿದ್ಯೆಯಲ್ಲಿ ಅವನು ಅಷ್ಟು ಪಳಗಿದ್ದ. ಅಷ್ಟರಲ್ಲಿ ದೋನ್ ಫಾಬಿಯೊ ಎಸೆಗಾರ ನಿಲ್ಲುವ ದಿಬ್ಬ ಹತ್ತಿ ಬಂದು, ಬಾಯಿಗೆ ಕೈ ಅಡ್ಡ ಹಿಡಿದ.

"ಎವಾರಿಸ್ತೊ, ಭುಜ ಹಿಡ್ಕೊ."

"ಏನಂದ್ರಿ?"

"ಭುಜ ಹಿಡ್ಕೊಂಡು ಅಯ್ಯೋ ಅನ್ನು. ಗಾಯ ಆದ್ರೆ ಮಾತ್ರ ಬದ್ಲಾಯಿಸೋಕೆ ಬಿಡ್ತಾರೆ. ರಾದಾಮೆಸ್‌ನ ಕರೀತೀನಿ. ಒಂಚೂರು ನಾಟಕ ಆಡಪ್ಪ, ನಿನ್ ದಮ್ಮಯ್ಯ."

ಎವಾರಿಸ್ತೊಗೆ ನಗು ಬಂತು. ಎರಡು ವರ್ಷದಿಂದ ನೋವಿಲ್ಲ ಎಂದು ನಾಟಕವಾಡಿದವನಿಗೆ ಈಗ ನೋವಿದೆ ಎಂದು ನಾಟಕವಾಡಬೇಕಂತೆ.

"ಇವ್ನೊಬ್ನನ್ನ ನನಗೆ ಬಿಡಿ, ಯಜಮಾನ್ರೆ. ಇಷ್ಟು ವರ್ಷ ನಾಳೆ ನೋಡೋಣ ಅಂದ್ರಿ. ಇವತ್ತು ಆ ನಾಳೆ ಬಂದಿದೆ."

ದೋನ್ ಫಾಬಿಯೊ ಟೋಪಿ ತೆಗೆದು ಹಣೆ ಒರೆಸಿಕೊಂಡ. ಕೆಟ್ಟ ಮನುಷ್ಯನಲ್ಲ ಅವನು. "ಗೊತ್ತು ಮಗಾ. ಇದು ಬೇರೆ ಪಂದ್ಯ ಆಗಿದ್ರೆ ಬಿಡ್ತಿದ್ದೆ. ಅಲ್ನೋಡು." ಜನರ ಕಡೆ ಗಲ್ಲ ತೋರಿಸಿದ. "ನಮ್ಮಪ್ಪ ಕಪ್ ನೋಡ್ದೇನೇ ಸತ್ತ. ನಿಮ್ಮಪ್ಪಾನೂ ಹಂಗೇ ಸತ್ತ. ನೀನೇ ಹೇಳು, ಲಾಂತಿಗ್ವಾನ್ನ ಔಟ್ ಮಾಡ್ತೀಯಾ? ಹೂಂ ಅಂದ್ರೆ ನಾನು ಹೋಗಿ ಕೂತ್ಕೋತೀನಿ."

ಹಾಗೆ ಕೇಳಬಾರದಿತ್ತು. ಅಪ್ಪಣೆ ಮಾಡಿದ್ದರೆ ಜಗಳವಾಡಬಹುದಿತ್ತು. ಎವಾರಿಸ್ತೊ ಚೆಂಡನ್ನು ಬೆರಳಲ್ಲಿ ತಿರುಗಿಸಿದ. ಈ ಭುಜದಿಂದ ಚೆಂಡು ತಿರುಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತಿರುಗದ ಚೆಂಡನ್ನು ಲಾಂತಿಗ್ವಾ ಸಮುದ್ರಕ್ಕೆ ಹೊಡೆಯುತ್ತಾನೆ. ಹೂಂ ಎಂದರೆ ಅದು ಸುಳ್ಳು. ಡಾಕ್ಟರ್ ಕೈಗೆ ಈ ಭುಜ ಸಿಕ್ಕಿದರೆ ಇದೇ ಕೊನೆಯ ದಿನ ಎಂಬುದೂ ಗೊತ್ತಿತ್ತು. ಗ್ಯಾಲರಿಯ ಬಾಗಿಲಲ್ಲಿ ಮಿಗೆಲಿನಾ ಬಂಡಿ ಬಿಟ್ಟು ಬಂದು ನಿಂತಿದ್ದಳು. ಕೈಯಲ್ಲಿ ಎಣ್ಣೆ ಸೋರುವ ಜಾಲರಿ ಸಟ್ಟುಗ.

"ನೀವು ಕೆಳಗೆ ಹೋಗಿ ಯಜಮಾನ್ರೆ," ಎಂದ.

ದೋನ್ ಫಾಬಿಯೊ ಇಳಿದು ಹೋದ. ಎವಾರಿಸ್ತೊ ಮೂರನೆಯ ಎಸೆತಕ್ಕೆ ಕೈಯನ್ನು ಪೂರ್ತಿ ಎತ್ತಿ, ಹತ್ತೊಂಬತ್ತರ ಹರೆಯದವನ ಹಾಗೆ ಬೀಸಿ ಎಸೆದ. ಆಮೇಲೆ ಅವನು ಬೇರೇನೂ ಮಾಡಲಿಲ್ಲ. ಎರಡು ವರ್ಷದಿಂದ ಬಿಗಿಹಿಡಿದಿದ್ದ ಮುಖವನ್ನು ಸಡಿಲ ಬಿಟ್ಟ, ಅಷ್ಟೆ. ಮಂಡಿಯೂರಿ ಕೂತು ಅಮ್ಮಾ ಎಂದ.

ಕ್ಲಬ್ಬಿನ ಡಾಕ್ಟರ್ ಪಿಮೆಂತೆಲ್ ಓಡಿ ಬಂದ. ಹಿಂದೆಯೇ ಅಂಪೈರ್. ನಾಟಕ ಎಂದು ಅಂಪೈರ್‌ಗೆ ಅನುಮಾನ, ಡಾಕ್ಟರ್‌ಗಂತೂ ಖಾತ್ರಿ.

"ಸಾಕು ಮಾರಾಯ, ಅತಿ ಮಾಡ್ಬೇಡ, ಸಿಕ್ಕಿಬೀಳ್ತೀಯ," ಎಂದು ಡಾಕ್ಟರ್ ಪಿಸುಗುಟ್ಟಿ ಎಡಗೈ ಹಿಡಿದು ಎತ್ತಿದ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನಷ್ಟು ಎತ್ತಿ ನೋಡಿದ. ಬೆರಳಿನಿಂದ ಭುಜದ ಒಂದು ಕಡೆ ಒತ್ತಿದ. ಅವನ ಮುಖದ ನಗು ಆರಿಹೋಯಿತು.

"ಎಷ್ಟು ದಿನದಿಂದ ಹಿಂಗಿದೆ?"

"ಎರಡು ವರ್ಷದಿಂದ."

"ಮೂರ್ಖ," ಎಂದ ಡಾಕ್ಟರ್, ಬಹಳ ಮೆತ್ತಗೆ. ಎದ್ದು ಅಂಪೈರ್‌ಗೆ ಹೇಳಿದ: "ಎಸೆಯೋಕಾಗಲ್ಲ."

ಅಂಪೈರ್ ಎವಾರಿಸ್ತೊನನ್ನು ನೋಡಲಿಲ್ಲ. ಡಾಕ್ಟರ್ ಮುಖ ನೋಡಿದ, ಬದಲಾವಣೆಗೆ ಒಪ್ಪಿದ. ಇದು ನಾಟಕವೇ ಎಂದುಕೊಂಡ ಗ್ಯಾಲರಿ ಚಪ್ಪಾಳೆ ತಟ್ಟಿತು.

ಗಾಯಾಳುವಿನ ಜಾಗಕ್ಕೆ ಬಂದವನು ಬೇಕಾದಷ್ಟು ಅಭ್ಯಾಸದ ಎಸೆತ ಎಸೆಯಬಹುದು. ರಾದಾಮೆಸ್ ಸಾವಕಾಶವಾಗಿ ಎಸೆದ. ಆಮೇಲೆ ಲಾಂತಿಗ್ವಾಗೆ ಮೂರು ಬೆಂಕಿಯುಂಡೆ ಬಿಟ್ಟ. ಮೂರಕ್ಕೂ ಅವನು ಬರೀ ಗಾಳಿಗೆ ಬ್ಯಾಟ್ ಬೀಸಿ ಔಟಾದ. ಆ ಸಂಜೆ ಬನೀಯಲ್ಲಿ ಅಪರಿಚಿತರು ಅಪರಿಚಿತರನ್ನು ತಬ್ಬಿದರು, ಮೋಟಾರ್‌ಸೈಕಲ್ಲುಗಳು ಪೆಟ್ರೋಲು ಮುಗಿಯುವ ತನಕ ಊರು ಸುತ್ತಿದವು, ಮಿಗೆಲಿನಾಳ ಬಂಡಿಯಲ್ಲಿ ಹಿಟ್ಟು ತೀರಿತು.

ದೋನ್ ಫಾಬಿಯೊ ಎಲ್ಲರೆದುರು ಎವಾರಿಸ್ತೊನ ಕೆನ್ನೆಗೆ ಮುತ್ತಿಟ್ಟ. "ಏನು ನಾಟಕಾನೋ ನಿನ್ದು! ಹೇಳಿಕೊಟ್ಟ ನಾನೇ ನಂಬ್ಬಿಟ್ಟೆ!"

ಎವಾರಿಸ್ತೊ ಹಲ್ಲು ಕಿರಿದ. ಗೆದ್ದ ಮನೆಯಲ್ಲಿ ಸಾವಿನ ಸುದ್ದಿ ಹೇಳುವುದು ಹೇಗೆ?

ಡಾಕ್ಟರ್ ಬಾಯಿಬಡುಕನಲ್ಲ. ಹೇಳಬೇಕಾದ ಕಡೆ ಹೇಳಿದ, ಹಾದಿಬೀದಿಯಲ್ಲಿ ಹೇಳಲಿಲ್ಲ. ಮುಂದಿನ ಚಳಿಗಾಲ ಆಫೀಸಿನಿಂದ ಕರೆ ಬರಲಿಲ್ಲ. ಎವಾರಿಸ್ತೊ ಕೊಟ್ಟ ಮಾತಿನಂತೆ ಬಾಣಲೆ ಮುಂದೆ ಕೂತ. ಬಲಗೈಯವನನ್ನು ಔಟ್ ಮಾಡಿ ಬರುತ್ತೇನೆ ಎಂದಿದ್ದ. ಅದೊಂದನ್ನು ಮಿಗೆಲಿನಾ ಯಾವತ್ತೂ ಎತ್ತಿ ಆಡಲಿಲ್ಲ.

ಊರು ಮಾತ್ರ ಅವನಿಗೆ ಹೊಸ ಖ್ಯಾತಿ ಕೊಟ್ಟಿತು. ಬನೀಯ ಅತ್ಯುತ್ತಮ ನಟ. ಕಪ್ ತಂದ ನಾಟಕ. ಅಂಗಡಿಯೆದುರು ಡಾಮಿನೊ ಆಡಲು ಕೂತರೆ ಸಾಕು, ಯಾರೋ ಒಬ್ಬ ಪರವೂರಿನವನನ್ನು ಕರೆತಂದು ನಿಲ್ಲಿಸುತ್ತಿದ್ದ. ಒಂದು ಭಾನುವಾರ ಚೆಪೆಯೇ ತನ್ನ ಹೆಂಡತಿಯ ತಮ್ಮನನ್ನು ಕರೆತಂದ.

"ಒಂದಾಳು, ನಮ್ಮ ಬಾಮೈದ್ನಿಗೆ ಒಂದ್ಸಲ ಮಾಡಿ ತೋರ್ಸೋ. ಇವ್ನು ಬರೀ ಟಿವೀಲಿ ನೋಡಿರೋದು."

ಎವಾರಿಸ್ತೊ ಎಂದಿನಂತೆ ಎದ್ದ. ಬಲಗೈ ಎತ್ತಿ ಎಸೆದಂತೆ ಬೀಸಿ, ಸೊಟ್ಟ ಮೂತಿ ಮಾಡಿ, ಅಯ್ಯಯ್ಯೋ ಎಂದು ಬಗ್ಗಿದ. ಎಲ್ಲರೂ ನಕ್ಕರು. ಬಾಮೈದ ನಗಲಿಲ್ಲ.

"ಟಿವೀಲಿ ಎಡಗೈ ಇತ್ತಲ್ಲ?"

"ಹೌದಲ್ವೋ!" ಚೆಪೆ ತೊಡೆ ತಟ್ಟಿಕೊಂಡ. "ಇಷ್ಟ್ ದಿನ ನಮ್ಗೆ ಮೋಸ ಮಾಡ್ತಿದೀಯ, ಎಡಚ! ಬಾ ಇಲ್ಲಿ." ಎದ್ದು ಬಂದು ಗೆಳೆಯನ ಎಡಗೈ ಹಿಡಿದು ಮೇಲಕ್ಕೆ ಎಳೆದ.

ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಎವಾರಿಸ್ತೊನ ಮುಖದಲ್ಲಿ ಆ ದಿನದ ಮುಖ ಬಂತು.

"ಅದೇ! ಅದೇ ಮುಖ!" ಮೇಜಿನ ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಬಾಮೈದ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಚೆಪೆ ತಟ್ಟಲಿಲ್ಲ. ಅವನ ಕೈಯಲ್ಲಿ ಇನ್ನೂ ಆ ತೋಳು ಇತ್ತು. ಜೀವಮಾನವೆಲ್ಲ ಊರಿನವರ ಕತ್ತು ತಲೆ ಹಿಡಿದು ತಿರುಗಿಸಿದ ಕೈ ಅದು. ಬಿಗಿಯುವ ಮೈ ಯಾವುದು, ತಡೆಯುವ ಮೂಳೆ ಯಾವುದು ಎಂದು ಅದಕ್ಕೆ ತಿಳಿಯುತ್ತದೆ. ಎವಾರಿಸ್ತೊನನ್ನು ಕೂರಿಸಿ, ನಿಧಾನವಾಗಿ ತೋಳನ್ನು ಇಳಿಸಿ ಅವನ ತೊಡೆಯ ಮೇಲಿಟ್ಟ. ತನ್ನ ಜಾಗಕ್ಕೆ ಹೋಗಿ ಕೂತ. ಉಳಿದವರು ಬಾಮೈದನಿಗೆ ಬಿಯರ್ ಕೊಡಿಸಲು ಅಂಗಡಿಯೊಳಗೆ ಹೋಗುವವರೆಗೆ ಕಾದು ಕೇಳಿದ.

"ಅವತ್ತೂ ಹಿಂಗೇ ಇತ್ತೇನೋ?"

"ಇತ್ತು."

"ಮತ್ತೆ ಹೇಳ್ಬಾರ್ದಾ? ನನಗಾದ್ರೂ ಹೇಳ್ಬಾರ್ದಾ?" ಊರಿಗೆಲ್ಲ ಕೇಳುವ ಬಾಯಿಯಿಂದ ಚೆಪೆ ಪಿಸುಗುಟ್ಟಿದ.

ಎವಾರಿಸ್ತೊ ಬಲಗೈಯಿಂದ ತನ್ನ ಡಾಮಿನೊ ಕಾಯಿಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸಿದ.

"ಹೇಳ್ದೆನಲ್ಲೋ. ಊರಿಗೆ ಊರೇ ನೋಡ್ತಿರುವಾಗ ದಿಬ್ಬದ ಮೇಲೆ ಕೂತು ಹೇಳ್ದೆ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ," ಎಂದ. "ಹಾಕು, ನಿನ್ನ ಸರದಿ."